ವರ್ದಾಳ ಹೆಗಲಿನ ಅಳತೆ

ತಿಯಾರೆತ್ ಪೇಟೆಯಲ್ಲಿ ಬುಜಿಯಾನ್ ದರ್ಜಿಯ ಕೈಗೆ ಹೆಸರಿತ್ತು. ಮದುಮಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ಸಾಕು, ಉಡುಪಿನ ಅಳತೆ ಹೇಳಿಬಿಡುತ್ತಿದ್ದ. ಅವನಿಗಿದ್ದ ಒಂದೇ ಶೋಕಿ ಕುದುರೆ ಸವಾರಿ. ಅದಕ್ಕೆ ಅಡ್ಡ ಬಂದದ್ದು ಕುದುರೆಯೇ. ವರ್ದಾ ಎಂಬ ಆ ಕಂದು ಹೆಣ್ಣು ಕುದುರೆ ಜೀನು ಕಂಡೊಡನೆ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತಿತ್ತು. ಹಬ್ಬದಲ್ಲಿ ಸವಾರರೆಲ್ಲ ಸಾಲಾಗಿ ಕೋವಿ ಹಾರಿಸುತ್ತ ಓಡುವಾಗ ಎರಡು ಸಲ ಅವನನ್ನು ಕೆಡವಿತ್ತು. ಆರು ವರ್ಷ ಬೈದು ಬೈದು, ಕೊನೆಗೆ ಹೆಂಡತಿಯ ತಮ್ಮ ಖಲೀಫಾನಿಗೆ ಕೊಟ್ಟುಬಿಟ್ಟ. ಅಲ್ಲಿ ವರ್ದಾ ಕುರಿಮರಿಯಂತಾಯಿತು. ಖಲೀಫಾ ಏನೋ ಮದ್ದು ತಿನ್ನಿಸುತ್ತಾನೆಂದು ಬುಜಿಯಾನ್ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಖಲೀಫಾನ ಹತ್ತಿರ ಅವನದೇ ಜೀನಿತ್ತು; ಉಳಿದದ್ದು ಬುಜಿಯಾನನ ಹಳೇ ಜೀನು. ಫೋಟೋ ತೆಗೆದು ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕಿದ. ಮರುದಿನ ಒರಾನ್ ಪಟ್ಟಣದಿಂದ ಒಬ್ಬ ಹೆಂಗಸು ಫೋನು ಮಾಡಿದಳು.

"ಹಾಜಿ, ಅಳತೆಯೇ ಹಾಕಿಲ್ವಲ್ಲ?"

"ಕೂತ್ಕೊಳ್ಳೋ ಜಾಗ ನಲವತ್ಮೂರು ಸೆಂಟಿಮೀಟರು ತಾಯಿ. ನನ್ನಂಥ ದಪ್ಪ ಆಸಾಮಿಗೇ ಸಾಕಾಗಿತ್ತು."

"ಅದು ನಿಮ್ಮ ಅಳತೆ. ಕುದುರೇದು? ಜೀನು ಮಗುಚಿ ಹಾಕಿ, ಮುಂದಿನ ಕಮಾನಿನ ಮರ ಇದೆಯಲ್ಲ, ಅದರ ಎರಡು ತುದಿ ಮಧ್ಯೆ ಎಷ್ಟಿದೆ ನೋಡಿ."

ಬುಜಿಯಾನ್ ಕೊರಳಲ್ಲಿದ್ದ ಟೇಪು ತೆಗೆದು ಅಳೆದ. ಮತ್ತೊಮ್ಮೆ ಅಳೆದ. ಇಪ್ಪತ್ತೆಂಟು.

"ಹಂಗಾದ್ರೆ ಸಣಕಲು ಕುದುರೆಗೆ ಮಾಡಿದ್ದು. ನಮ್ಮದಕ್ಕೆ ಸರಿಹೋಗತ್ತೆ. ಅಗಲ ಹೆಗಲಿನ ಕುದುರೆಗೆ ಇದನ್ನ ಬಿಗಿದ್ರೆ ಪಾಪ, ಪ್ರಾಣ ಹೋಗತ್ತೆ. ನಿಮ್ಮದೂ ಸಣಕಲೇ ಇತ್ತಾ?"

ವರ್ದಾಳ ಹೆಗಲು ಬಾಗಿಲಿನಷ್ಟು ಅಗಲ. "ಹ್ಞೂಂ," ಎಂದ ಬುಜಿಯಾನ್.

ಪಕ್ಕದಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಹೆಂಡತಿ ಖೈರಾ ಎಲ್ಲ ಕೇಳಿಸಿಕೊಂಡಿದ್ದಳು. "ಊರವರ ಭುಜವೆಲ್ಲ ಅಳೆದ್ರಿ. ಆ ಮೂಕಪ್ರಾಣಿಗೆ ಆರು ವರ್ಷ ಬಿಗಿ ಕುಪ್ಪಸ ತೊಡಿಸಿ, ಕುಣೀತಿಲ್ಲ ಅಂತ ಬೈದ್ರಲ್ಲ! ಹೋಗಿ ಖಲೀಫಾನಿಗೆ ಹೇಳಿ."

"ಮೊದಲು ಖಾತ್ರಿ ಆಗ್ಲಿ ಮಾರಾಯ್ತಿ."

ಒಂದು ತಂತಿ ಹಿಡಿದು ಖಲೀಫಾನ ಲಾಯಕ್ಕೆ ಹೋದ. ವರ್ದಾಳ ಹೆಗಲಿನ ಮೇಲೆ ತಂತಿಯನ್ನು ಬಗ್ಗಿಸಿ, ತುದಿಯಿಂದ ತುದಿಗೆ ಟೇಪು ಹಿಡಿದ. ಮೂವತ್ತನಾಲ್ಕು. ಹೆಗಲಿನ ಎರಡೂ ಬದಿಯಲ್ಲಿ, ಜೀನು ಒತ್ತಿದ ಕಡೆ, ಕಂದು ಕೂದಲು ಅಂಗೈಯಗಲ ಬೆಳ್ಳಗಾಗಿತ್ತು. ಮುದಿತನದ ನರೆ ಎಂದೇ ಅವನು ಇಷ್ಟು ದಿನ ತಿಳಿದಿದ್ದ. ಆ ಬಿಳುಪಿನ ಮೇಲೆ ಅಂಗೈ ಇಟ್ಟು ನೋಡಿದ.

"ಭಾವ! ಅಳತೆ ತಗೋತಿದೀರಾ?" ಬಾಗಿಲಲ್ಲಿ ಖಲೀಫಾ ನಿಂತಿದ್ದ.

"ಖಲೀಫಾ, ಆ ಜೀನು ಇತ್ತಲ್ಲ, ಅದು..."

"ಗೊತ್ತಾಯ್ತು ಬಿಡಿ! ಹಬ್ಬಕ್ಕೆ ಇವಳ ಮೈಮೇಲೆ ಹೊದಿಸೋಕೆ ಜೂಲು ಹೊಲಿದು ಕೊಡ್ತಿದೀರಿ ಅಲ್ವಾ? ಅಕ್ಕನೇ ಹೇಳಿ ಕಳಿಸಿರ್ಬೇಕು. ಕೆಂಪು ಮಖಮಲ್ ಇರ್ಲಿ ಭಾವ. ಜರಿಗೆ ಜಿಪುಣತನ ಮಾಡ್ಬೇಡಿ."

"ಅದೇ... ಜೂಲಿಗೇ," ಎಂದ ಬುಜಿಯಾನ್.

ಜೀನು ಒರಾನಿಗೆ ಹೋಯಿತು. ಅವನು ಹನ್ನೊಂದು ದಿನ ಕೂತು ಜೂಲು ಹೊಲಿದ. ಎದೆಯ ಪಟ್ಟಿಯನ್ನು ಮೂರು ಸಲ ಬಿಚ್ಚಿ ಸಡಿಲ ಮಾಡಿದ.

ಹಬ್ಬದ ದಿನ ಕೆಂಪು ಜೂಲಿನ ವರ್ದಾ ಸಾಲು ಮುರಿಯದೆ ಓಡಿತು. "ನಿನ್ನ ಕೈಗೆ ಬಗ್ಗದ್ದು ಅವನಿಗೆ ಹೇಗೆ ಬಗ್ಗಿತಯ್ಯ?" ಎಂದು ಹಿರಿಯರೊಬ್ಬರು ಎಲ್ಲರೆದುರೇ ಕೇಳಿದರು. "ಅವನಿಗೆ ತಾಳ್ಮೆ ಜಾಸ್ತಿ," ಎಂದ ಬುಜಿಯಾನ್. ಖೈರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಜನ ಚದುರಿದ ಮೇಲೆ ಅವನು ಕುದುರೆಯ ಬಳಿ ಹೋಗಿ, ಅದರ ಕಿವಿಯ ಹತ್ತಿರ ಬಾಯಿಟ್ಟು ಬಹಳ ಹೊತ್ತು ಏನೋ ಹೇಳಿದ.

"ಏನಂತೆ ಭಾವ ಗುಟ್ಟು?" ಖಲೀಫಾ ಕೂಗಿ ಕೇಳಿದ.

"ಏನಿಲ್ಲ," ಎಂದ ದರ್ಜಿ. "ಎಲ್ಲಾದ್ರೂ ಬಿಗಿಯಾಗ್ತಿದೆಯಾ ಅಂತ ಕೇಳ್ತಿದ್ದೆ."