ಗುರುತು ಉಳಿಯದ ಕೆಲಸ

ಹನ್ನೊಂದು ವರ್ಷ ನಮ್ಮೂರಿನ ಗಾಲ್ಫ್ ಮೈದಾನದಲ್ಲಿ ಹೆಂಗಸರ ವೃತ್ತಿಪರ ಪಂದ್ಯಾವಳಿ ನಡೆಯಿತು. ಹನ್ನೊಂದು ವರ್ಷವೂ ಚೆಂಡು ಬೀಳುವ ಕುಳಿಗಳನ್ನು ಕೊರೆದವಳು ನಮ್ಮ ದೊಡ್ಡಮ್ಮ. ಪ್ರಾಯೋಜಕರು ಕೈಕೊಟ್ಟರು, ಪಂದ್ಯಾವಳಿ ನಿಂತಿತು. ಅದು ಹೋಗಲಿ. ಈಗ ಪರಂಪರೆ ಕಚೇರಿಯವರು ಪ್ರವಾಸಿಗರಿಗೆಂದು ಆಳೆತ್ತರದ ಫಲಕ ಮಾಡಿಸುತ್ತಿದ್ದಾರೆ. ಅದರಲ್ಲಿ ಹಳೆಯ ಬಂಗಲೆ ಇದೆ, ಗಾಳಿಗಿರಣಿ ಇದೆ, ಕಲ್ಲಿನ ಸೇತುವೆ ಇದೆ. ಗಂಡಸರು ಒಂದೇ ಒಂದು ಮಧ್ಯಾಹ್ನ ಬಂದು ಆಡಿಹೋದ ಪ್ರದರ್ಶನ ಪಂದ್ಯವೂ ಇದೆ. ಹೆಂಗಸರ ಹನ್ನೊಂದು ವರ್ಷ ಇಲ್ಲ. ಒಂದು ಸಾಲು ಸೇರಿಸಿ ಎಂದು ದೊಡ್ಡಮ್ಮ ಆಕ್ಷೇಪಣೆ ಬರೆಸಿ ಕೊಟ್ಟಿದ್ದಳು. ತಿಂಗಳ ಕೊನೆಗೆ ಗಡುವು.

ಅವಳು ಮೂರನೆಯ ಸಲ ಹೋದಾಗ ನಾನೂ ಜೊತೆಗಿದ್ದೆ. ಕಚೇರಿ ಇರುವುದು ಆ ಹಳೆಯ ಬಂಗಲೆಯಲ್ಲೇ.

"ನೀವು ಸುಳ್ಳು ಹೇಳ್ತಿದ್ದೀರಿ ಅಂತ ನಾನು ಹೇಳ್ತಾ ಇಲ್ಲಮ್ಮ," ಎಂದ ಅಧಿಕಾರಿ. "ಪುರಾವೆ ಬೇಕು ಅಷ್ಟೆ."

ದೊಡ್ಡಮ್ಮ ಪತ್ರಿಕೆಯ ತುಣುಕುಗಳನ್ನು ಮೇಜಿನ ಮೇಲೆ ಹರಡಿದಳು.

"ಪೇಪರ್ ಕಟಿಂಗ್ ನಡೆಯಲ್ಲ. ಸರ್ಕಾರಿ ಮುದ್ರೆ ಇರೋ ಕಾಗದ ಕೊಡಿ. ಇಲ್ಲಾಂದ್ರೆ ನೆಲದ ಮೇಲೆ ಒಂದು ಗುರುತಾದ್ರೂ ತೋರಿಸಿ."

"ಗಂಡಸರದ್ದು ಏನು ಗುರುತಿದೆ?"

"ಕಲ್ಲು ನೆಟ್ಟಿದ್ದಾರಲ್ಲ."

"ಒಂದು ಮಧ್ಯಾಹ್ನ ಆಡೋಕೆ ಬಂದವರು ಕಲ್ಲನ್ನೂ ಹೊತ್ಕೊಂಡೇ ಬಂದಿದ್ರಾ?"

ಅಧಿಕಾರಿ ನಕ್ಕ. ನನಗೆ ಮೈಯೆಲ್ಲ ಉರಿಯಿತು. ದೊಡ್ಡಮ್ಮನ ಕೆಲಸವೆಂದರೆ ದಿನವೂ ಬೆಳಗಾಗುವಷ್ಟರಲ್ಲಿ ಹದಿನೆಂಟು ಹೊಸ ಕುಳಿ ಕೊರೆಯುವುದು, ಹಿಂದಿನ ದಿನದ ಹದಿನೆಂಟನ್ನು ಮುಚ್ಚುವುದು. ಹಳೆಯ ಕುಳಿ ಎಲ್ಲಿತ್ತೆಂದು ಯಾರ ಕಣ್ಣಿಗಾದರೂ ಬಿದ್ದರೆ ಕೆಲಸ ಕೆಟ್ಟಂತೆ. ಗುರುತು ಉಳಿಸಬೇಡ ಎಂದು ಹನ್ನೊಂದು ವರ್ಷ ಬೈದು ದುಡಿಸಿಕೊಂಡರು. ಈಗ ಗುರುತು ತೋರಿಸು ಎನ್ನುತ್ತಾರೆ.

"ಹೊರಗೆ ಬನ್ನಿ," ಎಂದು ದೊಡ್ಡಮ್ಮ ಎದ್ದಳು.

ಬಂಗಲೆಯ ಮುಂದೆ ಹುಲ್ಲುಹಾಸು, 'ತುಳಿಯಬಾರದು' ಎಂಬ ಬೋರ್ಡು. ಅವಳು ಚೀಲದಿಂದ ತನ್ನ ಕೊರೆಯುವ ಕೊಳವೆ ತೆಗೆದಳು. ಎರಡು ಕೈಗೂ ಹಿಡಿ ಇರುವ, ಬಾಯಿ ಹರಿತವಾದ ಉಕ್ಕಿನ ಕೊಳವೆ.

"ಆ ಕಡೆ ತಿರುಗಿ ನಿಂತ್ಕೊಳ್ಳಿ ಸ್ವಾಮಿ."

ಅಧಿಕಾರಿ ತಮಾಷೆಗೆಂಬಂತೆ ತಿರುಗಿದ. ಅವಳು ಕೊಳವೆ ಒತ್ತಿ ತಿರುವಿ, ಹುಲ್ಲಿನ ಸಮೇತ ಮಣ್ಣಿನ ಗಟ್ಟಿಯನ್ನು ಮೇಲೆತ್ತಿ, ಮತ್ತೆ ಕೂರಿಸಿ, ಅಂಗೈಯಿಂದ ಒತ್ತಿ, ಬೆರಳಿನಿಂದ ಹುಲ್ಲು ಬಾಚಿದಳು.

"ಈಗ ಹುಡುಕಿ."

ಅವನು ಬಗ್ಗಿ ಹುಡುಕಿದ. ಕನ್ನಡಕ ತೆಗೆದು ಹುಡುಕಿದ. ಸಿಗಲಿಲ್ಲ.

"ಕೈಚಳಕ ಚೆನ್ನಾಗಿದೆಯಮ್ಮ. ಆದ್ರೆ ಇದನ್ನ ಫೈಲಿಗೆ ಹೇಗೆ ಹಾಕ್ಲಿ?" ಎಂದು ಒಳಗೆ ಹೋದ.

ದೊಡ್ಡಮ್ಮ ಮತ್ತೆ ಕೊಳವೆ ಒತ್ತಿದಳು. ಎದ್ದು ಬಂದ ಮಣ್ಣಿನ ಗಟ್ಟಿಯನ್ನು ಚೀಲಕ್ಕೆ ಹಾಕಿಕೊಂಡಳು.

"ದೊಡ್ಡಮ್ಮಾ, ಮುಚ್ಚಲ್ವಾ?"

"ಹನ್ನೊಂದು ವರ್ಷ ಮುಚ್ಚಿದ್ದೇ ಸಾಕು. ನಡಿಯೇ."

ನಾಲ್ಕು ದಿನಕ್ಕೆ ಕಚೇರಿಯಿಂದ ನೋಟಿಸು ಬಂತು. ನಾನು ಓದಿದೆ: 'ಇಲ್ಲಿನ ಗಾಲ್ಫ್ ಮೈದಾನದಲ್ಲಿ 11 (ಹನ್ನೊಂದು) ವರ್ಷ ನಡೆದ ಮಹಿಳಾ ವೃತ್ತಿಪರ ಪಂದ್ಯಾವಳಿಯಲ್ಲಿ ಕುಳಿ ಕೊರೆಯುವ ಕೆಲಸ ಮಾಡಿದ್ದ ಸದರಿ ಮಹಿಳೆಯು, ಆ ಪರಿಣತಿಯನ್ನು ದುರುಪಯೋಗಪಡಿಸಿಕೊಂಡು, ಪಾರಂಪರಿಕ ಹುಲ್ಲುಹಾಸಿನಲ್ಲಿ ನಾಲ್ಕೂಕಾಲು ಇಂಚು ಅಗಲದ ಒಂದು ಕುಳಿ ಕೊರೆದಿರುತ್ತಾಳೆ.'

"ಜೈಲಿಗೆ ಹಾಕ್ತಾರೇನೇ ಅಕ್ಕ?" ಎಂದು ನನ್ನಮ್ಮ ಗಾಬರಿಯಾದಳು.

ದೊಡ್ಡಮ್ಮನಿಗೆ ಅದು ಕೇಳಿಸಲೇ ಇಲ್ಲ. "ಹನ್ನೊಂದು ಅಂತ ಬರೆದಿದ್ದಾರಾ? ಸರಿಯಾಗಿ ನೋಡು."

"ಅಂಕಿಯಲ್ಲೂ ಇದೆ, ಅಕ್ಷರದಲ್ಲೂ ಇದೆ."

"ಮುದ್ರೆ?"

"ಗುಂಡಗೆ ಬಿದ್ದಿದೆ."

ಗಡುವಿಗೆ ಇನ್ನೊಂದು ದಿನವಿತ್ತು. ದೊಡ್ಡಮ್ಮ ಆ ನೋಟಿಸನ್ನೇ ಆಕ್ಷೇಪಣೆಗೆ ಲಗತ್ತಿಸಿ ಅಧಿಕಾರಿಯ ಮುಂದಿಟ್ಟಳು. ಅವನು ತನ್ನ ಸಹಿಯನ್ನೇ ಹೊಸದಾಗಿ ನೋಡುವಂತೆ ನೋಡಿದ.

"ಇದು ಬೇರೆ ವಿಷಯಕ್ಕೆ ಕೊಟ್ಟ ನೋಟಿಸಮ್ಮ."

"ವಿಷಯ ಬೇರೆ. ಸಹಿ ನಿಮ್ಮದೇ ಅಲ್ವಾ?"

"ಮೇಲಿನವರನ್ನ ಕೇಳಬೇಕು. ಹೊರಗೆ ಕೂತಿರಿ."

ಕೂತೆವು. ಎದುರಿಗಿದ್ದ ಕುಳಿಗೆ ಯಾರೋ ಮಣ್ಣು ಸುರಿದು ಮುಚ್ಚಿದ್ದರು. ಅದು ತಗ್ಗಾಗಿ, ಸುತ್ತಲ ಹುಲ್ಲು ಹಳದಿಯಾಗಿ, ಗೇಟಿನಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು. ದೊಡ್ಡಮ್ಮ ಅದನ್ನು ನೋಡಿ ಮುಖ ಸಿಂಡರಿಸಿದಳು. "ಥೂ, ಕೆಲಸ ಬರದವರು."

ಒಂದು ಗಂಟೆಯಾಯಿತು. ಎರಡಾಯಿತು. ಅಧಿಕಾರಿ ಬಾಗಿಲಿಗೆ ಬಂದ.

"ಫೋನ್ ತೆಗೀತಿಲ್ಲ ಅವರು. ಅಲ್ಲಮ್ಮ, ಅಷ್ಟರಲ್ಲಿ ಆ ಗುಂಡಿಯೊಂದು ಸರಿ ಮಾಡ್ಕೊಡ್ತೀರಾ? ನಾಳೆ ದೊಡ್ಡವರು ಬರ್ತಾರೆ."

ದೊಡ್ಡಮ್ಮ ಚೀಲ ಬಿಚ್ಚಿ ಮಣ್ಣಿನ ಗಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ದಿನಾ ನೀರು ಚಿಮುಕಿಸಿ ಕಾಪಾಡಿದ್ದಳು. ಹುಲ್ಲು ಇನ್ನೂ ಹಸಿರಾಗಿತ್ತು.

"ಮೊದಲು ನೀವು ಆ ಸಾಲು ಬರೀರಿ," ಎಂದಳು. "ನಾನು ಇಲ್ಲೇ ಕೂತಿರ್ತೀನಿ."