ಒಲೀಟಾ ಓದಿದ್ದು

ನರ್ಸುಗಳು ಕಾರಿನಿಂದ ಇಳಿದು ಟೋಪಿ ಸರಿಮಾಡಿಕೊಳ್ಳುವಷ್ಟರಲ್ಲಿ ವರ್ಜಿಲ್ ಸೈಜ್‌ಮೋರ್ ಚರ್ಚಿನ ಬಾಗಿಲಿಗೆ ಅಡ್ಡ ನಿಂತಾಗಿತ್ತು. ಒಂದು ಕೈಯಲ್ಲಿ ಚಕ್ರದ ಮೇಲಿನ ಆಕ್ಸಿಜನ್ ಸಿಲಿಂಡರು, ಇನ್ನೊಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಮೂಗಿಗೆ ಸಿಕ್ಕಿಸಿಕೊಂಡ ಕೊಳವೆ ಒಂದು ಬದಿಗೆ ಜಾರಿತ್ತು. ಅದನ್ನು ನೋಡಿಕೊಳ್ಳುವ ವ್ಯವಧಾನ ಅವನಿಗಿರಲಿಲ್ಲ.

"ಆಸ್ಪತ್ರೆಯೋರು ಯಾರೂ ಒಳಗೆ ಬರಕೂಡ್ದು," ಅಂದ. "ಹೂವು ತಂದಿದ್ರೆ ಮೆಟ್ಟಿಲ ಮೇಲೆ ಇಟ್ಟು ಹೋಗಿ."

ಆರು ಜನ ಬಂದಿದ್ದರು. ಈಗ ಯಾವ ವಾರ್ಡಿನಲ್ಲೂ ಯಾರೂ ತೊಡದ ಬಿಳಿ ಉಡುಪು, ಮೇಲೆ ಮೊಣಕೈ ದಾಟುವ ನೀಲಿ ಹೊದಿಕೆ. ನಮ್ಮ ಕೆಂಟಕಿಯ ಗುಡ್ಡಗಳಲ್ಲಿ ನರ್ಸೊಬ್ಬಳು ತೀರಿಕೊಂಡರೆ ಉಳಿದ ನರ್ಸುಗಳು ಹೀಗೆ ಬಂದು, ಪೆಟ್ಟಿಗೆಯ ಪಕ್ಕ ನಿಂತು, ಅವಳ ಹೆಸರು ಮೂರು ಸಲ ಕರೆದು, ಇನ್ನು ನಿನ್ನ ಪಾಳಿ ಮುಗಿಯಿತು ಎಂದು ಹೇಳಿ ಬೀಳ್ಕೊಡುತ್ತಾರೆ. ಪಾದ್ರಿಯ ಪ್ರವಚನಕ್ಕೆ ಕಲ್ಲಿನ ಹಾಗೆ ಕೂತಿರುವ ಗಂಡಸರೂ ಇದಕ್ಕೆ ಕರ್ಚೀಫು ಹುಡುಕುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದನ್ನು ಬೇಡ ಅಂದವನನ್ನು ಮಾತ್ರ ಅವತ್ತೇ ಮೊದಲು ಕಂಡದ್ದು.

ಮುಂದೆ ನಿಂತಿದ್ದವಳು ನೆಲ್ಡಾ ಫ್ಯೂಗೇಟ್. ವರ್ಜಿಲ್‌ನ ಹೆಂಡತಿ, ಈಗ ಪೆಟ್ಟಿಗೆಯಲ್ಲಿ ಮಲಗಿದ್ದ ಒಲೀಟಾಳ ಜೊತೆ ಒಂದೇ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದವಳು, ಹಟಮಾರಿ ಗಂಡಸರನ್ನು ಸಾಕಷ್ಟು ಕಂಡವಳು. ಅವಳು ವಾದಕ್ಕೆ ಇಳಿಯಲಿಲ್ಲ.

"ಆಯ್ತು, ನಾವು ಹೊರಗೇ ಇರ್ತೀವಿ. ಮೊದ್ಲು ಆ ಕೊಳವೆ ಸರಿಮಾಡ್ಕೋ."

ವರ್ಜಿಲ್‌ನ ಕೈ ತಾನಾಗಿ ಮೂಗಿಗೆ ಹೋಯಿತು. ಅವಳು ಹೇಳಿದ್ದನ್ನು ಕೇಳಿಬಿಟ್ಟೆನಲ್ಲ ಎಂದು ಅವನಿಗೆ ಇನ್ನಷ್ಟು ರೇಗಿತು. ಬಾಗಿಲು ಎಳೆದುಕೊಂಡು ಒಳಗೆ ಹೋದ.

ಒಳಗೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ನೆಟ್ಟಗಿದ್ದ ಕುರ್ಚಿಗಳನ್ನು ಮತ್ತೆ ನೆಟ್ಟಗೆ ಮಾಡಿದ. ಕಿಟಕಿ ತೆಗೆದ, ಹಾಕಿದ. ಆಸ್ಪತ್ರೆಯಿಂದ ಬಂದಿದ್ದ ದೊಡ್ಡ ಹೂಚಕ್ರವನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ. ಅವನು ಹೋದಲ್ಲೆಲ್ಲ ಸಿಲಿಂಡರಿನ ಚಕ್ರ ಕಿರುಗುಟ್ಟುತ್ತಿತ್ತು. ಕೆಳಗಿನ ಊಟದ ಕೋಣೆಯಲ್ಲಿ ಹಂದಿ ತೊಡೆ ಹೆಚ್ಚುತ್ತಿದ್ದ ಅವನ ಅಕ್ಕ ಆರ್ಡಿತ್ ಆ ಸದ್ದು ತಡೆಯಲಾರದೆ ಚಾಕು ಹಿಡಿದುಕೊಂಡೇ ಮೇಲೆ ಬಂದಳು.

"ಲೋ, ಒಂದು ಕಡೆ ಕೂರೋ. ಆ ಹೆಣ್ಮಕ್ಳು ಚಳೀಲಿ ನಿಂತವ್ರೆ. ಅವರೇನು ಮಾಡಿದ್ರೋ ನಿಂಗೆ?"

"ಅವಳನ್ನ ಕೊಂದಿದ್ದು ಅವರೇ ಅಲ್ವಾ?" ಅಂದ ವರ್ಜಿಲ್. "ಅವರ ಆ ಓದು."

ಒಲೀಟಾ ಸತ್ತದ್ದು ಊರಿನ ಲೈಬ್ರರಿಯ ಮುಂದೆ, ನಿಲ್ಲಿಸಿದ್ದ ಕಾರಿನಲ್ಲಿ. ರಾತ್ರಿ ಪಾಳಿ ಮುಗಿಸಿ, ಮನೆಗೆ ಬಾರದೆ, ಲೈಬ್ರರಿಯ ವೈಫೈ ಹಿಡಿದು ಕಾಲೇಜಿನ ಪಾಠ ಕೇಳಲು ಅಲ್ಲಿ ಕೂತಿದ್ದಳು. ನಮ್ಮ ಕಣಿವೆಯೊಳಗೆ ಇಂಟರ್‌ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಲೈಬ್ರರಿಯವರು ಬಾಗಿಲು ತೆಗೆಯಲು ಬಂದಾಗ ಅವಳ ತಲೆ ಕಿಟಕಿಗೆ ಒರಗಿತ್ತು, ಮಡಿಲಲ್ಲಿ ಕಂಪ್ಯೂಟರು ಇನ್ನೂ ಮಾತಾಡುತ್ತಿತ್ತು. ಹೃದಯ ನಿಂತಿತ್ತು. ಐವತ್ತೆಂಟು ವಯಸ್ಸು.

*

ಆ ಓದಿನ ಸುದ್ದಿ ಮನೆಗೆ ಬಂದದ್ದು ಮೂರು ವರ್ಷದ ಹಿಂದೆ ಒಂದು ವಸಂತದಲ್ಲಿ, ಬೀನ್ಸ್ ಬೇಯುತ್ತಿದ್ದ ಒಲೆಯ ಮುಂದೆ. ಒಲೀಟಾ ಗಂಡನಿಗೆ ಬೆನ್ನು ಹಾಕಿ ನಿಂತೇ ಹೇಳಿದಳು. ಆಸ್ಪತ್ರೆಯವರಿಗೆ ಇನ್ನು ಮೇಲೆ ನಾಲ್ಕು ವರ್ಷದ ಪದವಿ ಇರುವ ನರ್ಸುಗಳೇ ಬೇಕಂತೆ. ಕಮ್ಯುನಿಟಿ ಕಾಲೇಜಿನ ಎರಡು ವರ್ಷದ್ದು ಸಾಲದಂತೆ.

ವರ್ಜಿಲ್ ಚಮಚ ಕುಕ್ಕಿದ. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ಆ ಎರಡು ವರ್ಷದ ಕೋರ್ಸು ಮಾಡಲು ಅವಳು ಪಟ್ಟ ಪಾಡು ಅವನಿಗೆ ಗೊತ್ತಿತ್ತು. ಅರ್ಧ ಜಿಲ್ಲೆಗೆ ಹೆರಿಗೆ ಮಾಡಿಸಿದವಳು, ಇನ್ನರ್ಧದ ಕಣ್ಣು ಮುಚ್ಚಿದವಳು, ಈಗ ಮತ್ತೆ ಶಾಲೆಗೆ ಹೋಗಬೇಕೇ? ಮರುದಿನವೇ ಆಸ್ಪತ್ರೆಗೆ ಹೋಗಿ ಮೇಜು ಗುದ್ದುತ್ತೇನೆ ಎಂದು ಹೊರಟ. ಬೇಡ, ನನ್ನ ಕೆಲಸಕ್ಕೆ ಕಲ್ಲು ಬೀಳುತ್ತದೆ ಎಂದು ಅವಳು ತಡೆದಳು. ಗುದ್ದಲು ಮೇಜು ಸಿಗದೆ ಅವನು ಪೆಟ್ರೋಲ್ ಬಂಕಿನ ತಿಂಡಿ ಅಂಗಡಿಯಲ್ಲಿ ದಿನಾ ಬೆಳಿಗ್ಗೆ ಕಾಫಿಯ ಜೊತೆ ಆಸ್ಪತ್ರೆಯನ್ನು ಬೈಯತೊಡಗಿದ. ಕೇಳಿಸಿಕೊಂಡವರೆಲ್ಲ ತಲೆ ಆಡಿಸುತ್ತಿದ್ದರು.

ಗುಡ್ಡದಾಚೆಯ ವಿಶ್ವವಿದ್ಯಾಲಯ ಅವಳ ಹಳೆಯ ಕ್ರೆಡಿಟ್‌ಗಳಲ್ಲಿ ಕೆಲವನ್ನು ತೆಗೆದುಕೊಂಡಿತು, ಕೆಲವು ತೀರಾ ಹಳಸಿವೆ ಎಂದು ತಿರುಗಿಸಿ ಕಳಿಸಿತು. ಅವನ್ನು ತುಂಬಿಸಿಕೊಳ್ಳಲು ಒಲೀಟಾ ಮತ್ತೆ ಅದೇ ಕಮ್ಯುನಿಟಿ ಕಾಲೇಜಿಗೆ ಹೋಗಿ, ಮೊಮ್ಮಕ್ಕಳ ವಯಸ್ಸಿನವರ ನಡುವೆ ಸಂಖ್ಯಾಶಾಸ್ತ್ರಕ್ಕೆ ಕೂತಳು. ಆಮೇಲೆ ವಿಶ್ವವಿದ್ಯಾಲಯಕ್ಕೆ ಹೆಸರು ವರ್ಗವಾಯಿತು. ಹಿಮ ಬಿದ್ದ ದಿನಗಳಲ್ಲಿ ವರ್ಜಿಲ್ ಅವಳನ್ನು ಟ್ರಕ್ಕಿನಲ್ಲಿ ಕರೆದುಕೊಂಡು ಹೋಗಿ ಲೈಬ್ರರಿಯ ಮುಂದೆ ನಿಲ್ಲಿಸುತ್ತಿದ್ದ. ಅವಳು ಪಾಠ ಕೇಳುತ್ತಿದ್ದಳು, ಅವನು ಗಾಜಿನ ಮೇಲಿನ ಹಿಮ ಕೆರೆಯುತ್ತ ಆಸ್ಪತ್ರೆಗೆ ಶಾಪ ಹಾಕುತ್ತಿದ್ದ.

*

ಪಾದ್ರಿ ಹಾಲಿಸ್ ಎರಡು ಸಲ ಬಂದು ಶುರು ಮಾಡೋಣವೇ ಎಂದು ಕೇಳಿ ಹೋದ. ಹೊರಗೆ ನರ್ಸುಗಳು ಹೋಗಿದ್ದಾರೋ ಇಲ್ಲವೋ ಎಂಬುದೊಂದೇ ವರ್ಜಿಲ್‌ನ ತಲೆಯಲ್ಲಿತ್ತು. ಪಕ್ಕದ ಬಾಗಿಲಿಂದ ಹೊರಬಿದ್ದ.

ನೆಲ್ಡಾ ಅಲ್ಲಿ ಕಲ್ಲುಗೋಡೆಯ ಮೇಲೆ ಒಬ್ಬಳೇ ಕೂತು ಸಿಗರೇಟು ಸೇದುತ್ತಿದ್ದಳು. ಸಿಲಿಂಡರು ಕಂಡದ್ದೇ ಸಿಗರೇಟನ್ನು ಕೆಳಗೆ ಹಾಕಿ ಷೂವಿನಿಂದ ಹೊಸಕಿ, ಮತ್ತೊಮ್ಮೆ ಹೊಸಕಿದಳು.

"ಹೋಗ್ಲಿಲ್ವಾ ಇನ್ನೂ?"

"ಇಲ್ಲ," ಅಂದಳು ನೆಲ್ಡಾ. "ನಿಂಗೊಂದು ಮಾತು ಹೇಳ್ಬೇಕು. ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಆದ್ರೆ ನೀನು ಸುಮ್ನೆ ಇರೋರನ್ನೆಲ್ಲ ದ್ವೇಷ ಮಾಡ್ಕೊಂಡು ಕೂತ್ರೆ ಅವಳಿಗೂ ನೆಮ್ಮದಿ ಇರಲ್ಲ."

ಅವನು ನಿಂತಲ್ಲೇ ಕಾಲು ಬದಲಿಸಿದ.

"ಅವಳು ಓದಲೇಬೇಕು ಅಂತ ಏನಿರ್ಲಿಲ್ಲ, ವರ್ಜಿಲ್. ಆ ನಿಯಮ ಹೊಸಬರಿಗೆ ಮಾತ್ರ. ನಮ್ಮಂಥ ಹಳಬರನ್ನ ಬಿಟ್ಟಿದ್ರು. ಸಭೇಲೇ ಹೇಳಿದ್ರು. ನಾನು ಬದುಕಿದೆ ಅಂತ ಮನೆಗೆ ಹೋಗಿ ಕಾಲು ಚಾಚಿ ಮಲಗಿದೆ. ಅವಳು ಹೋಗಿ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದ್ಲು."

"ಸುಳ್ಳು."

"ಸುಳ್ಳಾದ್ರೆ ಒಳ್ಳೇದಿತ್ತು. ನೀನು ಮೂರು ವರ್ಷ ಬಂಕಿನಲ್ಲಿ ಬೈದಿದ್ದನ್ನ ನಾವೆಲ್ಲ ಕೇಳಿಸ್ಕೊಂಡು ಸುಮ್ನಿದ್ವಿ. ನಮ್ಮ ಹೆಡ್ ನರ್ಸ್ ಮೇಡಂ ಪಕ್ಕದ ಮೇಜಲ್ಲೇ ಕೂತು ಮೊಟ್ಟೆ ತಿಂತಿದ್ಲು ಒಂದು ದಿನ. ಪಾಪ, ತಲೆ ತಗ್ಗಿಸ್ಕೊಂಡು ತಿಂದು ಹೋದ್ಲು."

ಬೇರೆ ಯಾವ ದಿನವಾದರೂ ವರ್ಜಿಲ್ ಇದಕ್ಕೆ ನಕ್ಕುಬಿಡುತ್ತಿದ್ದನೇನೋ. ಈಗ ಅವನ ಉಸಿರು ಸಿಳ್ಳೆ ಹಾಕುತ್ತಿತ್ತು. ಮತ್ತೆ ಯಾಕೆ ಓದಿದಳು ಎಂದು ಕೇಳಿದ.

"ನಾನೂ ಅದನ್ನೇ ಕೇಳಿದ್ದೆ. ಇಷ್ಟ ಕಣೇ ಅಂದ್ಲು. ಅಷ್ಟೇ. ಪುಸ್ತಕ ತೆಗೆದ್ರೆ ಹೊಟ್ಟೆ ತುಂಬ್ದಂಗೆ ಆಗುತ್ತೆ ಅಂದ್ಲು."

"ಅದನ್ನ ನಂಗೆ ಹೇಳೋಕೆ ಏನಾಗಿತ್ತು? ನಾನು ಬೇಡ ಅಂತಿದ್ನಾ?"

ನೆಲ್ಡಾ ಗೋಡೆಯಿಂದ ಕೆಳಗಿಳಿದಳು.

"ಬೇಡ ಅಂತಿರ್ಲಿಲ್ಲ. ನೀನು ಸುಮ್ನಾಗಿಬಿಡ್ತಿದ್ದೆ. ಗಣಿಯಿಂದ ನಿನ್ನ ಮನೆಗೆ ಕಳಿಸಿದ ಮೇಲೆ ನೀನು ಹೇಗೆ ಸುಮ್ನಾದೆ ಅಂತ ಅವಳಿಗೆ ಮರೆತಿರ್ಲಿಲ್ಲ. ಗಂಡ ಉಸಿರು ಕಟ್ಕೊಂಡು ಮನೇಲಿ ಕೂತಿರುವಾಗ ನಾನು ಖುಷಿಗೆ ಅಂತ ಓದೋಕೆ ಹೊರಟ್ರೆ ಹೇಗೆ ಅಂದ್ಲು. ಬಲವಂತ ಅಂದ್ರೆ ನೀನು ಜಗಳಕ್ಕಾದ್ರೂ ಎದ್ದು ನಿಲ್ತೀಯ, ಹಿಮದಲ್ಲೂ ಟ್ರಕ್ ತೆಗೀತೀಯ ಅಂತ ಗೊತ್ತಿತ್ತು ಅವಳಿಗೆ."

ಅದು ನಿಜವಾಗಿತ್ತು. ಅವನ ಶ್ವಾಸಕೋಶದಲ್ಲಿ ಕಲ್ಲಿದ್ದಲು ಕೂತು, ಮನೆ ಸೇರಿದ ಮೇಲೆ ಅವನಿಗೆ ಸಿಕ್ಕಿದ್ದ ಕೆಲಸ ಅದೊಂದೇ. ಹೆಂಡತಿಗೆ ಆದ ಅನ್ಯಾಯದ ವಿರುದ್ಧ ಟ್ರಕ್ಕು ಓಡಿಸುವುದು.

*

ಒಂದು ಜನವರಿಯ ಮಧ್ಯಾಹ್ನ. ಟ್ರಕ್ಕಿನ ಹೀಟರಿನ ಮುಂದೆ ಒಲೀಟಾ ಕಾಲುಚೀಲದ ಪಾದ ಇಟ್ಟುಕೊಂಡು, ಮಡಿಲಲ್ಲಿ ಕಂಪ್ಯೂಟರು ಇಟ್ಟುಕೊಂಡು ಬರೆಯುತ್ತಿದ್ದಳು. ಜನರ ಆರೋಗ್ಯದ ಬಗ್ಗೆ ದೊಡ್ಡ ಪ್ರಬಂಧ. ನಮ್ಮ ಕಡೆಯ ಗಣಿ ಕೆಲಸಗಾರರು ಆಕ್ಸಿಜನ್ ಹಚ್ಚಿಕೊಂಡು ಅಂಗಡಿಗೆ, ಚರ್ಚಿಗೆ ಹೋಗಲು ಯಾಕೆ ನಾಚುತ್ತಾರೆ ಎಂಬುದು ವಿಷಯ. ಒಂದು ಕಡೆ ನಿಲ್ಲಿಸಿ ಗಂಡನಿಗೆ ಓದಿ ಹೇಳಿದಳು. ಒಬ್ಬ ನಿವೃತ್ತ ಗಣಿ ಕೆಲಸಗಾರ ಸಿಲಿಂಡರನ್ನು ಟ್ರಕ್ಕಿನಲ್ಲೇ ಬಿಟ್ಟು ಮಗಳ ಮದುವೆಗೆ ಹೋಗಿ, ಕೇಕು ಕತ್ತರಿಸುವ ಹೊತ್ತಿಗೆ ನೀಲಿಗಟ್ಟಿ ಬಿದ್ದನಂತೆ.

"ಯಾವನೋ ಅವನು ಪೆದ್ದ?" ಅಂದ ವರ್ಜಿಲ್.

"ಹೆಸರು ಹೇಳೋ ಹಾಗಿಲ್ಲ. ನಿಯಮ ಇದೆ," ಅಂದಳು ಒಲೀಟಾ.

ಆಮೇಲೆ ಅವಳು ಅವನ ಮುಖವನ್ನೇ ನೋಡುತ್ತ ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ, ಕಂಪ್ಯೂಟರು ಮಡಿಲಿಂದ ಜಾರುವ ತನಕ ನಕ್ಕಳು. ಅವಳಿಗೆ ಓದು ತಲೆಗೇರಿ ಹೀಗಾಗಿದೆ ಎಂದೇ ವರ್ಜಿಲ್ ತಿಳಿದ. ಅವತ್ತು ಸಂಜೆ ಆಸ್ಪತ್ರೆಯನ್ನು ಎರಡು ಪಟ್ಟು ಬೈದ. ಆದರೆ ಮುಂದಿನ ಭಾನುವಾರ, ಯಾರೂ ಹೇಳದೆಯೇ, ಮೊದಲ ಸಲ ಸಿಲಿಂಡರು ಎಳೆದುಕೊಂಡು ಚರ್ಚಿನೊಳಗೆ ಬಂದ.

*

ಅವನು ಕಲ್ಲುಗೋಡೆ ಹಿಡಿದುಕೊಂಡು ನಿಂತೇ ಇದ್ದ. ಮೂರು ಚಳಿಗಾಲ ಅವಳ ಪಕ್ಕದಲ್ಲಿ ಕೂತಿದ್ದ. ಪಕ್ಕದಲ್ಲಿದ್ದವಳು ಸಂತೋಷವಾಗಿದ್ದಳು, ಅದು ಅವನಿಗೆ ಗೊತ್ತೇ ಆಗಿರಲಿಲ್ಲ. ಸತ್ತಳು ಎಂದು ಫೋನು ಬಂದಾಗಲೂ ಇಷ್ಟು ನೊಂದಿರಲಿಲ್ಲ. ಆಗ ಬೈಯಲು ಒಬ್ಬರಾದರೂ ಇದ್ದರು.

"ಎಷ್ಟು ಉಳಿದಿತ್ತು?" ಎಂದು ಕೇಳಿದ.

"ಒಂದೇ ಕ್ಲಾಸು. ಮೇ ತಿಂಗಳಿಗೆ ಮುಗೀತಿತ್ತು."

ವರ್ಜಿಲ್ ತಲೆ ಆಡಿಸಿದ. ಮುಂಬಾಗಿಲಿಗೆ ಹೋಗಿ, ಬನ್ನಿ ಒಳಗೆ, ಚಳಿ ಇದೆ ಎಂದಷ್ಟೇ ಹೇಳಿ, ತಾನೇ ಬಾಗಿಲು ಹಿಡಿದು ನಿಂತ. ಆರೂ ಜನ ಅವನ ಮುಂದೆ ಹಾದುಹೋದರು. ಕೊನೆಯ ಹುಡುಗಿ ಇನ್ನೂ ಹೊಸಬಳು, ಅಳು ತಡೆಯಲು ಕೆನ್ನೆ ಕಚ್ಚಿಕೊಂಡಿದ್ದಳು.

ಪ್ರಾರ್ಥನೆಯಾಯಿತು, ಹಾಡಾಯಿತು. ನರ್ಸುಗಳು ಪೆಟ್ಟಿಗೆಯ ಎರಡೂ ಬದಿಗೆ ನಿಂತರು. ನೆಲ್ಡಾಳ ಕೈಯಲ್ಲಿ ಹಳೆಯ ಮಾದರಿಯ ಒಂದು ಎಣ್ಣೆ ದೀಪ ಉರಿಯುತ್ತಿತ್ತು. ಹೊಸ ಹುಡುಗಿ ಗಂಟೆ ಬಾರಿಸಿದಳು.

"ನರ್ಸ್ ಒಲೀಟಾ ಸೈಜ್‌ಮೋರ್."

ಉತ್ತರವಿಲ್ಲ. ಎರಡನೆಯ ಗಂಟೆ, ಎರಡನೆಯ ಕರೆ. ಮೂರನೆಯ ಕರೆಗೆ ನೆಲ್ಡಾಳ ದನಿ ಒಡೆಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಗಂಡಸು ಗಟ್ಟಿಯಾಗಿ ಮೂಗು ಒರೆಸಿಕೊಂಡ. ನಿನ್ನ ಪಾಳಿ ಮುಗಿಯಿತು, ರೋಗಿಗಳನ್ನು ನಾವು ನೋಡಿಕೊಳ್ಳುತ್ತೇವೆ, ನೀನು ಹೊರಡು ಎಂದು ಹೇಳಿ, ನೆಲ್ಡಾ ದೀಪ ಆರಿಸಲು ಬಾಗಿದಳು. ಆರಿದ ದೀಪವನ್ನು ಮನೆಯವರ ಕೈಗೆ ಕೊಡುವುದು ಪದ್ಧತಿ.

"ಆರಿಸ್ಬೇಡ," ಅಂದ ವರ್ಜಿಲ್.

ಅವನು ಎದ್ದು ನಿಂತಿದ್ದ. ಆರ್ಡಿತ್ ಕೋಟು ಹಿಡಿದು ಎಳೆದಳು, ಅವನು ಬಿಡಿಸಿಕೊಂಡ. ನೆಲ್ಡಾ ಬಾಗಿದವಳು ಹಾಗೇ ನಿಂತಳು. ಇದಕ್ಕೆ ಏನು ಮಾಡಬೇಕೆಂದು ಅವರ ಪದ್ಧತಿಯಲ್ಲಿ ಇರಲಿಲ್ಲ.

"ಪಾಳಿ ಮುಗಿದಿರ್ಬೋದು. ಅವಳ ಓದು ಮುಗಿದಿಲ್ಲ," ಅಂದ. "ಇಲ್ಲಿ ಕೊಡು ಅದನ್ನ."

ಬೆಂಕಿಯ ಹತ್ತಿರ ಆಕ್ಸಿಜನ್ ಕೂಡದೆಂದು ಅವನು ಮೂಗಿನ ಕೊಳವೆ ತೆಗೆದ. ಸಿಲಿಂಡರಿನ ತಿರುಪು ಮುಚ್ಚಿ, ಅದನ್ನು ಬೆಂಚಿನ ಪಕ್ಕಕ್ಕೆ ಒರಗಿಸಿ, ಬರಿಗೈಯಲ್ಲಿ ನಡೆದು ಬಂದ. ನೆಲ್ಡಾ ದೀಪ ಕೊಡಬಾರದಿತ್ತು. ಸಮಾಧಿಯ ಗುಡ್ಡ ಹತ್ತುವಷ್ಟು ಉಸಿರು ಅವನಲ್ಲಿಲ್ಲ ಎಂದು ಅಲ್ಲಿದ್ದ ನರ್ಸುಗಳಲ್ಲಿ ಯಾರು ಬೇಕಾದರೂ ಹೇಳಬಹುದಿತ್ತು. ನೆಲ್ಡಾ ಅವನ ತುಟಿಯ ಬಣ್ಣ ನೋಡಿದಳು, ಆಮೇಲೆ ಮುಖ ನೋಡಿದಳು, ಕೊಟ್ಟಳು.

ಸೈಜ್‌ಮೋರರ ಸಮಾಧಿಗಳಿರುವುದು ಚರ್ಚಿನ ಹಿಂದೆ, ಗುಡ್ಡದ ನೆತ್ತಿಯಲ್ಲಿ. ಪೆಟ್ಟಿಗೆ ಮುಂದೆ ಹೋಯಿತು. ವರ್ಜಿಲ್ ಎರಡೂ ಕೈಯಲ್ಲಿ ದೀಪ ಹಿಡಿದು ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ. ಅವನು ನಿಂತಾಗಲೆಲ್ಲ ಹಿಂದಿದ್ದ ಆರೂ ಬಿಳಿ ಉಡುಪುಗಳು ನಿಲ್ಲುತ್ತಿದ್ದವು. ಬೇಗ ನಡಿ ಎಂದಾಗಲಿ, ಕೂತುಕೋ ಎಂದಾಗಲಿ ಯಾರೂ ಹೇಳಲಿಲ್ಲ.

ನೆತ್ತಿ ಸೇರುವ ಹೊತ್ತಿಗೆ ಮಾರ್ಚ್ ತಿಂಗಳ ಗಾಳಿ ಎದ್ದಿತು. ಪಾದ್ರಿಯ ಪುಸ್ತಕದ ಹಾಳೆಗಳು ಪಟಪಟಿಸಿದವು, ಹೆಂಗಸರು ಟೋಪಿ ಹಿಡಿದುಕೊಂಡರು, ದೀಪದ ಕುಡಿ ಮಲಗಿ ನೀಲಿಯಾಯಿತು. ವರ್ಜಿಲ್ ಅದರ ಮೇಲೆ ಬಾಗಿ ಕೆಮ್ಮತೊಡಗಿದ. ಆಗ ನೆಲ್ಡಾ ಯಾರಿಗೂ ಏನೂ ಹೇಳದೆ ಗಾಳಿ ಬರುವ ಕಡೆ ಹೋಗಿ ನಿಂತು, ತನ್ನ ಹೊದಿಕೆಯನ್ನು ಎರಡು ಕೈಯಿಂದ ಅಗಲಿಸಿ ಹಿಡಿದಳು. ಹೊಸ ಹುಡುಗಿ ಅವಳ ಪಕ್ಕಕ್ಕೆ ಬಂದಳು. ಉಳಿದವರೂ ಬಂದರು. ಹೊರಗೆ ನೀಲಿ, ಒಳಗೆ ಕೆಂಪು ಅಸ್ತರಿನ ಆರು ಹೊದಿಕೆಗಳು ಅಂಚಿಗೆ ಅಂಚು ಸೇರಿ, ಕೆಮ್ಮುತ್ತಿದ್ದ ಮುದುಕನ ಸುತ್ತ ಗೋಡೆಯಾದವು. ಪಾದ್ರಿ ಪುಸ್ತಕ ಮುಚ್ಚಿ ಕಾದ. ಒಳಗೆ ದೀಪದ ಕುಡಿ ಮೆಲ್ಲಗೆ ಎದ್ದು ನೆಟ್ಟಗೆ ನಿಂತಿತು.