ಅಡ್ಡ ಬಿತ್ತಿದ ಎಳ್ಳು

ಮೊರಬದ ತಮ್ಮ ಹೊಲದ ಮೇಲೆ ಡ್ರೋನ್ ಹಾರಿಸಿ ತೆಗೆದ ಚಿತ್ರವನ್ನು ಶೈಲಶ್ರೀ ಕಟ್ಟೆಯ ಮೇಲೆ ಲ್ಯಾಪ್‌ಟಾಪಿನಲ್ಲಿ ತೆರೆದು ಕೂತಿದ್ದಳು. ಚಿತ್ರ ನೋಡಿ ಒಂದು ಬೆಳೆಯಿಂದ ಇನ್ನೊಂದನ್ನು ಬೇರ್ಪಡಿಸುವುದು ಅವಳ ಸಂಶೋಧನೆ. ಅವಳ ಸಮೀಕರಣ ಸಣ್ಣಪುಟ್ಟ ಕಲೆಗಳನ್ನೆಲ್ಲ ಹರಡಿ ನಯಮಾಡುತ್ತಿತ್ತು; ನಿಜವಾದ ಗಡಿ ಬಂದಲ್ಲಿ ಮಾತ್ರ ಕೈ ತಡೆಯುತ್ತಿತ್ತು. ಆದರೆ ಬರೀ ಹೆಸರುಕಾಳು ಬಿತ್ತಿದ ಹೊಲದ ನಡುವೆ ಅಡ್ಡಲಾಗಿ ಒಂದು ಗೆರೆ, ಎಷ್ಟು ಸಲ ಓಡಿಸಿದರೂ ಅಳಿಯಲೊಲ್ಲದು.

“ಹಾಳಾದ್ದು, ಎಲ್ಲೋ ಲೆಕ್ಕ ತಪ್ಪೇತಿ,” ಎಂದು ಗೊಣಗಿದಳು.

ಅವ್ವ ನೀಲಕ್ಕ ಬಗ್ಗಿ ನೋಡಿ, ಸೆರಗು ಬಾಯಿಗಿಟ್ಟು ನಕ್ಕಳು. “ತಪ್ಪಿಲ್ಲವಾ, ಅದು ನನ್ನ ಎಳ್ಳು. ನಿಮ್ಮಪ್ಪಾರು ಬ್ಯಾರೆ ಕಾಳು ಬ್ಯಾಡ ಅಂದಿದ್ರು, ಕದ್ದು ಬಿತ್ತೀನಿ. ಅವರಿಗೆ ಹೇಳಬ್ಯಾಡ.”

ಬಾಗಿಲಲ್ಲೇ ಅಪ್ಪ ಕುಬೇರಪ್ಪ ನಿಂತಿದ್ದ. “ಸಾಲಿಗೆ ಅಡ್ಡ ಬಿತ್ತೀದಿ, ಹುಚ್ಚಿ! ಕುಂಟಿ ಹೊಡದು ಕಳೆ ತಗಿಯುವಾಗ, ಎಳ್ಳು ಕೀಳಬಾರದಂತ ಅಲ್ಲಿ ಬಂದಾಗೊಮ್ಮೆ ಎತ್ತಿ ಹಿಡದು ಹಿಡದು ನನ್ನ ರಟ್ಟಿ ಬಿದ್ದು ಹೋಗ್ಯಾವು.”

ನೀಲಕ್ಕನ ಮುಖ ಕೆಂಪೇರಿತು. ಶೈಲಶ್ರೀ ಬಿದ್ದು ಬಿದ್ದು ನಕ್ಕಳು. ನಾಲ್ಕು ವರ್ಷ ಕುಸ್ತಿ ಹಿಡಿದು ಬರೆದ ಅವಳ ಸಮೀಕರಣ ಮಾಡುವುದೂ ಇಷ್ಟೇ: ಹೊಲವೆಲ್ಲ ಹರಗುವುದು, ಗೆರೆ ಬಂದಲ್ಲಿ ಕುಂಟೆ ಎತ್ತುವುದು.

“ಮೊದಲ ಹೇಳಬಾರದೇನಪ್ಪಾ?”

“ಕೇಳಿದವರ‍್ಯಾರು?” ಎಂದು ಕುಬೇರಪ್ಪ ಹೆಂಡತಿಯ ಕಡೆ ತಿರುಗಿದ. “ಎಳ್ಳಹೋಳಿಗಿ ಯಾವಾಗ ಮಾಡ್ತಿ, ಅದನ್ನರೆ ಹೇಳು.”